ಅಳಿಯಲೊಲ್ಲದ ಫೈಲು: ‘ನಿಮಗೆ ಅನುಮತಿ ಇಲ್ಲ’ ಎಂಬ ಸಾಲಿನ ಹಿಂದಿನ ಅರವತ್ತು ವರ್ಷ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಒಂದು ಫೋನ್ ಬಂತು.

“ಅಣ್ಣಾ, ಅಪ್ಪನ ಕಂಪ್ಯೂಟರ್ ಸುಮ್ನೆ ಧೂಳು ತಿಂತಾ ಕೂತಿದೆ. ಯಾರೋ ಕೇಳ್ತಿದಾರೆ, ಕೊಟ್ಬಿಡೋಣ ಅಂತ. ಹಳೆ ಸಂಚಿಕೆ, ಫೋಟೊ ಏನಾದ್ರೂ ಇದ್ರೆ ತೆಗೆದಿಟ್ಟು ಉಳಿದದ್ದೆಲ್ಲ ಅಳಿಸಿ ಕೊಡ್ತೀರಾ?”

ಫೋನ್ ಮಾಡಿದವನು ನಮ್ಮ ತಾಲ್ಲೂಕಿನ ಒಂದು ವಾರಪತ್ರಿಕೆಯ ಸಂಪಾದಕರ ಮಗ. ಡಿಗ್ರಿ ಓದುವಾಗ ಎರಡು ತಿಂಗಳು ನಾನು ಸುದ್ದಿ ಬರೆಯಲು ಕಲಿತದ್ದು ಆ ಪತ್ರಿಕೆಯ ಒಂದೇ ಕೋಣೆಯ ಕಚೇರಿಯಲ್ಲಿ. ಸಂಪಾದಕರು ತೀರಿಕೊಂಡು ಎರಡು ವರ್ಷವಾಗಿತ್ತು. ಪತ್ರಿಕೆಯೂ ಅವರ ಜೊತೆಗೇ ನಿಂತಿತ್ತು. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಕಂಪ್ಯೂಟರ್ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಆನ್ ಆಯಿತು, ಪಾಸ್‌ವರ್ಡ್ ಕೇಳಿತು. ಅದು ಮಗನಿಗೂ ಗೊತ್ತಿಲ್ಲ, ಅವನ ತಾಯಿಗೂ ಗೊತ್ತಿಲ್ಲ. ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲ್ ಹಾಕಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸಿನಿಮಾ ಹಾಡು, ಹಳೆಯ ಜಾಹೀರಾತಿನ ಚಿತ್ರಗಳನ್ನೆಲ್ಲ ನೋಡಿ ನೋಡಿ ಅಳಿಸುತ್ತ ಬಂದೆ. ಸಂಪಾದಕರ ಹೆಸರಿನ ಫೋಲ್ಡರ್ ಮುಟ್ಟಿದಾಗ ಮಾತ್ರ ಅದು ತೆರೆಯಲೂ ಇಲ್ಲ, ಅಳಿಯಲೂ ಇಲ್ಲ. ನಿಮಗೆ ಅನುಮತಿ ಇಲ್ಲ ಎಂದಿತು. ಮತ್ತೆ ಒತ್ತಿದೆ. ಅದೇ ಉತ್ತರ.

ಲ್ಯಾಪ್‌ಟಾಪ್ ನನ್ನದು, ಅದರ ಅಡ್ಮಿನಿಸ್ಟ್ರೇಟರ್ ನಾನೇ. ಮತ್ತೆ ಯಾರ ಅನುಮತಿ ಬೇಕು? ಪ್ರಾಪರ್ಟೀಸ್ ತೆರೆದು ಮಾಲೀಕ ಯಾರೆಂದು ನೋಡಿದೆ. ಅಲ್ಲಿ ಹೆಸರಿರಲಿಲ್ಲ. ‘ಎಸ್-1-5-21’ ಎಂದು ಶುರುವಾಗುವ ಉದ್ದನೆಯ ಸಂಖ್ಯೆಯೊಂದಿತ್ತು.

ಹಳ್ಳಿ ಕಡೆಯವರಿಗೆ ಇದು ಹೊಸ ಸಂಗತಿಯೇನಲ್ಲ. ಅಜ್ಜ ತೀರಿಹೋಗಿ ಇಪ್ಪತ್ತು ವರ್ಷವಾಗಿರುತ್ತದೆ, ಉಳುವವನು ಮೊಮ್ಮಗ, ಪಹಣಿಯಲ್ಲಿ ಮಾತ್ರ ಇನ್ನೂ ಅಜ್ಜನ ಹೆಸರೇ. ಪೌತಿ ಖಾತೆ ಆಗುವ ತನಕ ಸಾಲಕ್ಕೂ ಅಲೆದಾಟ, ಮಾರಾಟಕ್ಕೂ ಅಲೆದಾಟ. ನನ್ನೆದುರಿನ ಫೋಲ್ಡರಿನ ಸ್ಥಿತಿಯೂ ಅದೇ ಆಗಿತ್ತು. ಡಿಸ್ಕು ನನ್ನ ಕೈಯಲ್ಲಿತ್ತು, ಖಾತೆ ಇನ್ನೊಬ್ಬರ ಹೆಸರಿನಲ್ಲಿತ್ತು.

ಇಂಥ ಹೊತ್ತಿನಲ್ಲಿ ನಾವು ಕಂಪ್ಯೂಟರಿಗೆ ಬೈಯುತ್ತೇವೆ. ಆದರೆ ಆ ನಿರಾಕರಣೆ ಕೆಟ್ಟುಹೋದ ಯಂತ್ರದ ಗೊಣಗಾಟವಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರು ಹಾಳುಮಾಡಬಾರದೆಂದು ಕೆಲವರು ಕೂತು ಯೋಚಿಸಿ ಮಾಡಿದ ನಿಯಮ ಅದು.

ಒಂದು ಯಂತ್ರ, ಹಲವು ಮಂದಿ

1950ರ ದಶಕದ ಕಂಪ್ಯೂಟರುಗಳಲ್ಲಿ ಒಡೆತನದ ಪ್ರಶ್ನೆ ಸುಲಭವಾಗಿತ್ತು. ಪ್ರೋಗ್ರಾಮು ತೂತು ಹೊಡೆದ ಕಾರ್ಡುಗಳಲ್ಲಿ ಇರುತ್ತಿತ್ತು. ಕಾರ್ಡಿನ ಡಬ್ಬಿ ಯಾರ ಕಂಕುಳಲ್ಲಿದೆಯೋ ಕೆಲಸ ಅವರದು. ಯಂತ್ರ ಒಂದು ಸಲಕ್ಕೆ ಒಬ್ಬರ ಡಬ್ಬಿಯನ್ನು ನುಂಗಿ ಉತ್ತರ ಉಗುಳುತ್ತಿತ್ತು.

1961ರ ನವೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ‘ಸಿಟಿಎಸ್‌ಎಸ್’ ಎಂಬ ವ್ಯವಸ್ಥೆಯನ್ನು ತೋರಿಸಿದರು. ಒಂದೇ ಯಂತ್ರಕ್ಕೆ ಹಲವು ಟರ್ಮಿನಲ್‌ಗಳು. ಯಂತ್ರ ತನ್ನ ಸಮಯವನ್ನು ಚೂರು ಚೂರು ಮಾಡಿ ಎಲ್ಲರಿಗೂ ಹಂಚುತ್ತಿತ್ತು. ಎಲ್ಲರ ಫೈಲುಗಳೂ ಒಂದೇ ಡಿಸ್ಕಿಗೆ ಬಂದವು. ಯಾವುದು ಯಾರದು ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು. ಉತ್ತರವಾಗಿ ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟರು.

ಆ ಬೇಲಿ ಗಟ್ಟಿಯಾಗಿರಲಿಲ್ಲ. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ ಕಂಪ್ಯೂಟರ್ ಸಮಯ ಸಾಲುತ್ತಿರಲಿಲ್ಲ. ಪಾಸ್‌ವರ್ಡುಗಳಿದ್ದ ಫೈಲನ್ನೇ ಮುದ್ರಿಸಿ ಕೊಡಿ ಎಂದು ಒಂದು ಕಾರ್ಡು ಹಾಕಿದರು, ಯಂತ್ರ ಮುದ್ರಿಸಿಯೇ ಬಿಟ್ಟಿತು! ದಶಕದ ಮಧ್ಯಭಾಗದಲ್ಲಿ ಇನ್ನೊಂದು ಎಡವಟ್ಟಾಯಿತು. ವ್ಯವಸ್ಥೆ ನೋಡಿಕೊಳ್ಳುವ ಇಬ್ಬರು ಒಂದೇ ಹೊತ್ತಿಗೆ ಬೇರೆ ಬೇರೆ ಫೈಲು ತಿದ್ದುತ್ತಿದ್ದರು. ತಿದ್ದುವ ಪ್ರೋಗ್ರಾಮು ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಫೈಲನ್ನು ಬಳಸಿತು, ಎರಡೂ ಅದಲುಬದಲಾದವು. ಲಾಗಿನ್ ಆದವರಿಗೆ ದಿನದ ಸೂಚನೆ ಕಾಣಬೇಕಾದ ಜಾಗದಲ್ಲಿ ಎಲ್ಲರ ಪಾಸ್‌ವರ್ಡುಗಳೂ ಸಾಲಾಗಿ ಕಂಡವು. ಕಳ್ಳ ಬರಬೇಕೆಂದೇನಿಲ್ಲ, ಸ್ವಂತದವರ ಕೈತಪ್ಪೇ ಸಾಕು ಎಂಬುದು ಗೊತ್ತಾಯಿತು.

ಮುಂದೆ ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಸೇರಿ ಕಟ್ಟಲು ಹೊರಟ ‘ಮಲ್ಟಿಕ್ಸ್’ನಲ್ಲಿ ಒಂದೊಂದು ದಾಖಲೆಗೂ ಒಂದು ಪಟ್ಟಿ ಅಂಟಿಸಿದರು. ಇಂಥವರು ಓದಬಹುದು, ಇಂಥವರು ತಿದ್ದಬಹುದು ಎಂದು ಅದರಲ್ಲಿ ಬರೆದಿರುತ್ತಿತ್ತು. ಇವತ್ತು ವಿಂಡೋಸಿನ ಸೆಕ್ಯುರಿಟಿ ಟ್ಯಾಬಿನಲ್ಲಿ ನಾವು ನೋಡುವ ಪಟ್ಟಿ ಆ ಪಟ್ಟಿಯ ವಂಶದ್ದೇ.

1969ರಲ್ಲಿ ಬೆಲ್ ಲ್ಯಾಬ್ಸ್ ಮಲ್ಟಿಕ್ಸ್‌ನಿಂದ ಹೊರಬಂತು. ಅಲ್ಲಿದ್ದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಸಣ್ಣ ಯಂತ್ರವೊಂದರಲ್ಲಿ ಯುನಿಕ್ಸ್ ಶುರುಮಾಡಿದರು. ಉದ್ದನೆಯ ಪಟ್ಟಿಯನ್ನು ಅವರು ಕೆಲವೇ ಗುರುತುಗಳಿಗೆ ಇಳಿಸಿದರು. 1974ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಪ್ರತಿ ಫೈಲಿಗೆ ಏಳು ಗುರುತು. ಓದು, ಬರೆ, ನಡೆಸು ಎಂಬ ಮೂರು ಮಾಲೀಕನಿಗೆ, ಅದೇ ಮೂರು ಉಳಿದವರಿಗೆ, ಮೇಲೊಂದು ವಿಶೇಷ ಗುರುತು. 1978ರ ಪರಿಷ್ಕೃತ ರೂಪದಲ್ಲಿ ನಡುವೆ ‘ಗುಂಪು’ ಸೇರಿ ಹತ್ತಾಯಿತು.

ಆ ವಿಶೇಷ ಗುರುತು ರಿಚಿಯವರ ಯೋಚನೆ. ಪಾಸ್‌ವರ್ಡ್ ಫೈಲನ್ನು ಸಾಮಾನ್ಯರು ತಿದ್ದಬಾರದು, ಆದರೆ ತಮ್ಮ ಪಾಸ್‌ವರ್ಡ್ ಬದಲಿಸಲು ಅವರಿಗೆ ಆಗಬೇಕು. ಬ್ಯಾಂಕಿನ ಲೆಡ್ಜರನ್ನು ನಾವು ಮುಟ್ಟುವಂತಿಲ್ಲ, ಚಲನ್ ಕೊಟ್ಟರೆ ಗುಮಾಸ್ತ ನಮ್ಮ ಪರವಾಗಿ ಬರೆಯುತ್ತಾನಲ್ಲ, ಹಾಗೆ. ಈ ಗುರುತಿರುವ ಪ್ರೋಗ್ರಾಮು ನಡೆಯುವಷ್ಟು ಹೊತ್ತು ಅದನ್ನು ನಡೆಸಿದವನ ಬದಲು ಅದರ ಮಾಲೀಕನ ಅಧಿಕಾರ ಹೊಂದಿರುತ್ತದೆ. ಇದಕ್ಕೆ 1973ರಲ್ಲಿ ಅರ್ಜಿ ಹಾಕಿ 1979ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಅದನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು.

ಅಳಿಸುವುದೆಂದರೆ ಹೆಸರು ಹೊಡೆಯುವುದು

ಯುನಿಕ್ಸಿನಲ್ಲಿ, ಅದರ ಹಾದಿಯಲ್ಲೇ ಬಂದ ಲಿನಕ್ಸಿನಲ್ಲಿ, ಅಳಿಸುವ ವಿಷಯದಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಫೈಲು ನನ್ನದೇ, ಬರೆಯುವ ಅನುಮತಿಯೂ ನನಗಿದೆ, ಆದರೂ ಅಳಿಸಲು ಬಿಡುವುದಿಲ್ಲ. ಇನ್ನೊಮ್ಮೆ ನೋಡಿದರೆ ಯಾರದೋ ಫೈಲು, ಓದುವ ಅನುಮತಿಯೂ ನನಗಿಲ್ಲ, ಆದರೆ ಅಳಿಸಿದರೆ ಹೋಗಿಬಿಡುತ್ತದೆ!

ಶಾಲೆಯ ಹಾಜರಿ ಪುಸ್ತಕ ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಯುನಿಕ್ಸಿನಲ್ಲಿ ಫೋಲ್ಡರ್ ಎಂದರೆ ಹೆಸರುಗಳ ಪುಸ್ತಕ. ಹೆಸರಿನ ಮುಂದೆ ಒಂದು ಸಂಖ್ಯೆ, ಆ ಸಂಖ್ಯೆ ಹಿಡಿದು ಹೋದರೆ ನಿಜವಾದ ಮಾಹಿತಿ. ಅಳಿಸುವುದೆಂದರೆ ಪುಸ್ತಕದಲ್ಲಿ ಆ ಹೆಸರು ಹೊಡೆದುಹಾಕುವುದು. ಆದ್ದರಿಂದ ಬೇಕಾದದ್ದು ಪುಸ್ತಕದಲ್ಲಿ ಬರೆಯುವ ಅಧಿಕಾರ. ಹುಡುಗ ಯಾರ ಮಗ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಆ ಕೆಲಸಕ್ಕೆ ಯುನಿಕ್ಸ್ ಇಟ್ಟ ಹೆಸರೇ ‘ಅನ್‌ಲಿಂಕ್’, ಅಂದರೆ ಕೊಂಡಿ ಕಳಚುವುದು.

ಇದರಿಂದ ಒಂದು ತೊಂದರೆಯಾಯಿತು. ಎಲ್ಲ ಪ್ರೋಗ್ರಾಮುಗಳೂ ತಾತ್ಕಾಲಿಕ ಫೈಲು ಇಡುವ ‘ಟೆಂಪ್’ ಫೋಲ್ಡರಿನಲ್ಲಿ ಎಲ್ಲರಿಗೂ ಬರೆಯುವ ಅಧಿಕಾರ ಇರಲೇಬೇಕು. ಹಾಗಾದರೆ ಯಾರ ಫೈಲನ್ನು ಯಾರು ಬೇಕಾದರೂ ಹೊಡೆದುಹಾಕಬಹುದು. 1986ರ 4.3 ಬಿಎಸ್‌ಡಿ ಯುನಿಕ್ಸಿನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಬೇರೆ ಉಪಯೋಗಕ್ಕಿದ್ದ ‘ಸ್ಟಿಕಿ’ ಎಂಬ ಹಳೆಯ ಗುರುತನ್ನು ಫೋಲ್ಡರಿಗೆ ಹಾಕಿದರೆ, ಒಳಗಿನ ಫೈಲನ್ನು ಅದರ ಮಾಲೀಕ, ಫೋಲ್ಡರಿನ ಮಾಲೀಕ ಇಲ್ಲವೇ ‘ರೂಟ್’ ಎಂಬ ಮೇಲಧಿಕಾರಿ ಮಾತ್ರ ಅಳಿಸಬಹುದು ಎಂದಾಯಿತು. ಇವತ್ತಿಗೂ ಲಿನಕ್ಸಿನ ಟೆಂಪ್ ಫೋಲ್ಡರಿನ ಅನುಮತಿಗಳ ಕೊನೆಯಲ್ಲಿ ‘ಟಿ’ ಅಕ್ಷರ ಕಾಣುವುದು ಅದಕ್ಕೇ.

ಇನ್ನೊಂದು ಮಾತು. ಪುಸ್ತಕದಲ್ಲಿ ಹೆಸರು ಹೊಡೆದ ಮಾತ್ರಕ್ಕೆ ಡಿಸ್ಕಿನ ಮೇಲಿನ ಮಾಹಿತಿ ಅಳಿಯುವುದಿಲ್ಲ. ಆ ಜಾಗಕ್ಕೆ ಬೇರೇನೋ ಬಂದು ಕೂರುವ ತನಕ ಅದು ಅಲ್ಲೇ ಇರುತ್ತದೆ. ವಿಂಡೋಸಿನಲ್ಲೂ ಇದು ಹೀಗೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾಲೀಕನ ಕಾಲಂ ಇಲ್ಲದ ಕಾಲ

1981ರಲ್ಲಿ ಐಬಿಎಂ ಪಿಸಿ ಮತ್ತು ಡಾಸ್ ಬಂದಾಗ ಈ ಪಾಠಗಳೆಲ್ಲ ಬದಿಗೆ ಸರಿದವು. ಮೇಜಿನ ಮೇಲೆ ಒಂದು ಯಂತ್ರ, ಎದುರಿಗೆ ಒಬ್ಬ ಮನುಷ್ಯ. ಮಾಲೀಕ ಯಾರು ಎಂದು ಕೇಳುವ ಅಗತ್ಯವೇ ಕಾಣಲಿಲ್ಲ. ಡಾಸ್ ಡಿಸ್ಕಿನ ಪಟ್ಟಿಯಲ್ಲಿ ಫೈಲಿನ ಹೆಸರು, ಗಾತ್ರ, ದಿನಾಂಕ ಇದ್ದವು. ಮಾಲೀಕನ ಕಾಲಂ ಇರಲಿಲ್ಲ. ‘ಓದಲು ಮಾತ್ರ’, ‘ಅಡಗಿದ್ದು’ ಮುಂತಾದ ಗುರುತುಗಳಿದ್ದರೂ ಅವನ್ನು ಯಾರು ಬೇಕಾದರೂ ತೆಗೆಯಬಹುದಿತ್ತು. ವಿಂಡೋಸ್ 95, 98ರ ತನಕ ಇದೇ ನಡೆಯಿತು.

ಅದರ ಬೆಲೆ ಏನೆಂದು ತೋರಿಸಿದ್ದು 2001ರ ಒಂದು ಇಮೇಲ್. ನಿಮ್ಮ ಕಂಪ್ಯೂಟರಿನಲ್ಲಿ ‘ಸಲ್ಫ್‌ಎನ್‌ಬಿಕೆ’ ಎಂಬ ಫೈಲಿದೆಯೇ ನೋಡಿ, ಅದು ವೈರಸ್, ಕೂಡಲೇ ಅಳಿಸಿ, ಪರಿಚಯದವರಿಗೆಲ್ಲ ತಿಳಿಸಿ ಎಂದಿತ್ತು. ಜನ ಹುಡುಕಿದರು, ಫೈಲು ಸಿಕ್ಕಿತು, ಗಾಬರಿಯಿಂದ ಅಳಿಸಿದರು, ಹತ್ತು ಮಂದಿಗೆ ಕಳಿಸಿದರು. ನಿಜದಲ್ಲಿ ಅದು ಉದ್ದನೆಯ ಫೈಲ್ ಹೆಸರುಗಳನ್ನು ಕಾಪಾಡಲು ವಿಂಡೋಸೇ ಇಟ್ಟಿದ್ದ ಫೈಲು. ಮರುವರ್ಷ ಇನ್ನೊಂದು ಇಮೇಲ್ ಬಂತು. ಈ ಸಲ ಗುರಿಯಾದದ್ದು ಕರಡಿ ಮರಿಯ ಚಿತ್ರವಿದ್ದ, ವಿಂಡೋಸಿನದೇ ಇನ್ನೊಂದು ಫೈಲು. ಎರಡು ಸಲವೂ ವೈರಸ್ ಇರಲೇ ಇಲ್ಲ. ವಾಟ್ಸ್‌ಆ್ಯಪ್ ಫಾರ್ವರ್ಡ್ ನೋಡಿ ಬೇಸತ್ತ ನಮಗೆ ಈ ಕಥೆ ಹೊಸದೆನಿಸುವುದಿಲ್ಲ. ವಿಂಡೋಸ್ 98ರಲ್ಲಿ ಕೈ ಹಿಡಿದು “ತಡಿ, ಇದು ನಿನ್ನದಲ್ಲ” ಎನ್ನುವವರು ಯಾರೂ ಇರಲಿಲ್ಲ.

ಪಡೆಯಬಹುದು, ಕೊಡುವಂತಿಲ್ಲ

ಹಾಗೆ ಹೇಳುವ ವಿಂಡೋಸ್ ಪಕ್ಕದಲ್ಲೇ ಬೆಳೆಯುತ್ತಿತ್ತು. ದೊಡ್ಡ ಯಂತ್ರಗಳ ವಿಎಂಎಸ್ ವ್ಯವಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅವರ ತಂಡದ ವಿಂಡೋಸ್ ಎನ್‌ಟಿ 1993ರಲ್ಲಿ ಬಂತು. ಅಮೆರಿಕದ ರಕ್ಷಣಾ ಇಲಾಖೆ ಕಂಪ್ಯೂಟರ್ ಸುರಕ್ಷತೆಗೆ ಒಂದು ಮಾನದಂಡ ಹೊರಡಿಸಿತ್ತು. ರಕ್ಷಾಪುಟದ ಬಣ್ಣದಿಂದ ಅದನ್ನು ‘ಆರೆಂಜ್ ಬುಕ್’ ಎಂದು ಕರೆಯುತ್ತಿದ್ದರು. ಅದರ ‘ಸಿ2’ ದರ್ಜೆಗೆ ಯಾರು ಏನು ಮಾಡಿದರು ಎಂಬುದಕ್ಕೆ ಲೆಕ್ಕ ಇರಬೇಕು, ಮಾಲೀಕನು ತನ್ನ ದಾಖಲೆಯನ್ನು ಯಾರಿಗೆ ತೋರಿಸಬೇಕೆಂದು ತಾನೇ ನಿರ್ಧರಿಸುವಂತಿರಬೇಕು. ಎನ್‌ಟಿಯನ್ನು ಆ ದರ್ಜೆಯನ್ನು ಮುಂದಿಟ್ಟುಕೊಂಡೇ ಕಟ್ಟಿದರು, 1995ರಲ್ಲಿ ಅದರ 3.5 ಆವೃತ್ತಿಗೆ ದರ್ಜೆ ಸಿಕ್ಕಿತು.

ಎನ್‌ಟಿ ಹೆಸರುಗಳನ್ನು ನಂಬುವುದಿಲ್ಲ. ಪ್ರತಿ ಖಾತೆಗೂ ಒಂದು ಸಂಖ್ಯೆ ಕೊಡುತ್ತದೆ. ವಿಂಡೋಸ್ ಹಾಕಿದಾಗ ಆ ಯಂತ್ರಕ್ಕೆಂದು ಒಂದು ಉದ್ದನೆಯ ಸಂಖ್ಯೆ ಹುಟ್ಟುತ್ತದೆ, ಅದರ ಕೊನೆಗೆ ಅಡ್ಮಿನಿಸ್ಟ್ರೇಟರಿಗೆ 500, ನಾವು ತೆರೆಯುವ ಖಾತೆಗಳಿಗೆ 1000ದಿಂದ ಮುಂದಕ್ಕೆ. ವಿಂಡೋಸ್ ಮತ್ತೆ ಹಾಕಿ ಅದೇ ಹೆಸರಿನ ಖಾತೆ ತೆರೆದರೂ ಸಂಖ್ಯೆ ಬೇರೆಯಾಗುತ್ತದೆ. ಹಳೆಯ ಡಿಸ್ಕಿನ ಫೈಲುಗಳು ಅಳಿಯಲೊಲ್ಲದೆ ಕೂರುವುದು ಬಹಳ ಸಲ ಇದೇ ಕಾರಣಕ್ಕೆ. ಮನುಷ್ಯ ಅವನೇ ಆದರೂ ಖಾತೆ ಸಂಖ್ಯೆ ಬೇರೆ.

ಎನ್‌ಟಿಯ ನಿಯಮಗಳಲ್ಲಿ ನನಗೆ ತುಂಬ ಹಿಡಿಸಿದ್ದು ಅಡ್ಮಿನಿಸ್ಟ್ರೇಟರ್ ಕುರಿತದ್ದು. ನಿಮ್ಮ ಫೈಲಿನ ಪಟ್ಟಿಯಿಂದ ನೀವು ಅವನನ್ನು ಹೊರಗಿಟ್ಟಿದ್ದರೆ ಅವನು ನೇರವಾಗಿ ತೆರೆಯುವಂತಿಲ್ಲ. ಮೊದಲು ಒಡೆತನವನ್ನು ತನ್ನ ಹೆಸರಿಗೆ ಮಾಡಿಕೊಳ್ಳಬೇಕು. ಪಡೆದದ್ದನ್ನು ಸುಲಭವಾಗಿ ನಿಮಗೆ ವಾಪಸ್ ಕೊಡುವಂತೆಯೂ ಇರಲಿಲ್ಲ. ಎನ್‌ಟಿಯ ಪರದೆಯಲ್ಲಿ ‘ಪಡೆ’ ಎಂಬ ಗುಂಡಿ ಇತ್ತು, ‘ಕೊಡು’ ಎಂಬುದು ಇರಲಿಲ್ಲ. ಕದ್ದು ನೋಡಿದರೆ ಮಾಲೀಕನ ಜಾಗದಲ್ಲಿ ನೋಡಿದವನ ಹೆಸರು ಉಳಿಯಲಿ ಎಂಬುದು ಉದ್ದೇಶ.

ಯುನಿಕ್ಸಿನ ಬಿಎಸ್‌ಡಿ ಶಾಖೆಯವರ ಚಿಂತೆ ಬೇರೆಯಿತ್ತು. ಅಲ್ಲಿ ಒಬ್ಬೊಬ್ಬರಿಗೂ ಡಿಸ್ಕಿನಲ್ಲಿ ಇಂತಿಷ್ಟು ಜಾಗವೆಂದು ಮಿತಿ ಹಾಕಿದ್ದರು. ನನ್ನ ಭಾರಿ ಫೈಲುಗಳನ್ನು ನಿಮ್ಮ ಹೆಸರಿಗೆ ಬರೆದುಬಿಟ್ಟರೆ ನಿಮ್ಮ ಪಾಲು ತುಂಬುತ್ತದೆ, ನಾನು ಆರಾಮ. ಆದ್ದರಿಂದ ಒಡೆತನ ಬದಲಿಸುವ ಅಧಿಕಾರವನ್ನು ರೂಟ್‌ಗೆ ಮಾತ್ರ ಇಟ್ಟರು. ಎನ್‌ಟಿಯವರಿಗೆ ಕಸಿದು ಅಡಗಿಸುವವನ ಭಯ, ಬಿಎಸ್‌ಡಿಯವರಿಗೆ ತನ್ನ ಹೊರೆಯನ್ನು ಇನ್ನೊಬ್ಬರ ತಲೆಗೆ ಹಾಕುವವನ ಭಯ. ಜಮೀನಿನ ವ್ಯವಹಾರ ಬಲ್ಲವರಿಗೆ ಇಬ್ಬರೂ ಗೊತ್ತು!

2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಮೂಲಕ ಈ ಎನ್‌ಟಿ ಮನೆಮನೆಗೆ ಬಂತು. ಖಾತೆಗೆ ಪಾಸ್‌ವರ್ಡ್ ಹಾಕಿದರೆ “ನಿಮ್ಮ ಫೋಲ್ಡರುಗಳನ್ನು ಖಾಸಗಿ ಮಾಡಲೇ?” ಎಂದು ಅದೇ ಕೇಳುತ್ತಿತ್ತು. ಹೌದೆಂದರೆ ಬೇರೆಯವರಿಗೆ ಬಾಗಿಲು ಬಂದ್. 2007ರ ವಿಸ್ತಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿಂಡೋಸಿನ ಮುಖ್ಯ ಫೈಲುಗಳ ಒಡೆತನವನ್ನು ಅಡ್ಮಿನಿಸ್ಟ್ರೇಟರ್ ಕೈಯಿಂದಲೂ ತೆಗೆದು ‘ಟ್ರಸ್ಟೆಡ್ ಇನ್‌ಸ್ಟಾಲರ್’ ಎಂಬ ಸೇವೆಗೆ ಕೊಟ್ಟಿತು. “ನನ್ನ ಕಂಪ್ಯೂಟರಿನಲ್ಲಿ ನಾನು ಯಾರು?” ಎಂದು ಜನ ಸಿಟ್ಟಾದರು. ಕರಡಿ ಮರಿಯ ಕಥೆ ನೆನಪಿದ್ದವರಿಗೆ ಅದರ ಕಾರಣ ಗೊತ್ತಿತ್ತು. ಅಳಿಯದ ಫೈಲಿನ ಮಾಲೀಕ ಟ್ರಸ್ಟೆಡ್ ಇನ್‌ಸ್ಟಾಲರ್ ಆಗಿದ್ದರೆ ಅದನ್ನು ಅದರ ಪಾಡಿಗೆ ಬಿಡುವುದೇ ಲೇಸು.

ಮತ್ತೆ ಆ ಫೋಲ್ಡರಿಗೆ

ಸಂಪಾದಕರ ಫೋಲ್ಡರ್ ವಿಂಡೋಸಿನದಲ್ಲ, ಅವರದೇ. ಹಾಗಾಗಿ ನಿಯಮದ ದಾರಿ ಹಿಡಿದೆ. ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಮಾಲೀಕನ ಜಾಗದಲ್ಲಿ ನನ್ನ ಖಾತೆ ಹಾಕಿದೆ. ಒಳಗಿನ ಫೋಲ್ಡರುಗಳಿಗೂ ಅನ್ವಯಿಸಲು ಟಿಕ್ ಹಾಕಿದೆ. ಆಮೇಲೆ ನನಗೆ ಪೂರ್ಣ ಅನುಮತಿ ಕೊಟ್ಟುಕೊಂಡೆ. ಒಡೆತನ ಪಡೆದ ಕೂಡಲೇ ಅನುಮತಿ ತಾನಾಗಿ ಬರುವುದಿಲ್ಲ, ಎರಡೂ ಹೆಜ್ಜೆ ಬೇಕು. ಕಮಾಂಡ್ ಗೊತ್ತಿರುವವರು ಇದೇ ಕೆಲಸಕ್ಕೆ ‘ಟೇಕ್‌ಓನ್’, ‘ಐಕ್ಯಾಕಲ್ಸ್’ ಬಳಸುತ್ತಾರೆ.

ಹತ್ತು ನಿಮಿಷದಲ್ಲಿ ಫೋಲ್ಡರ್ ತೆರೆಯಿತು. ಒಳಗೆ ಎರಡು ಭಾಗ. ಒಂದರಲ್ಲಿ ಪೇಜ್‌ಮೇಕರಿನಲ್ಲಿ ಕಟ್ಟಿದ ಹಳೆಯ ಸಂಚಿಕೆಗಳು. ಇನ್ನೊಂದರ ಹೆಸರು ‘ಪತ್ರಗಳು’. ಓದುಗರು ಕೈಯಲ್ಲಿ ಬರೆದ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದರು. ಒಂದನ್ನು ತೆರೆದೆ. ನಮ್ಮ ಪಕ್ಕದೂರಿನ ಹೆಂಗಸೊಬ್ಬರು ರೇಷನ್ ಅಂಗಡಿಯ ತೂಕದ ಮೋಸದ ಬಗ್ಗೆ ಬರೆದಿದ್ದರು. ಕೆಳಗೆ ಪೂರ್ತಿ ಹೆಸರು, ವಿಳಾಸ. ಕೊನೆಯ ಸಾಲಿನಲ್ಲಿ, ಹೆಸರು ಮಾತ್ರ ಹಾಕಬೇಡಿ ಸಾರ್ ಎಂದಿತ್ತು.

ಅಲ್ಲಿಗೆ ಮುಚ್ಚಿದೆ. ಆಕೆ ಸಂಪಾದಕರನ್ನು ನಂಬಿದ್ದರು. ಸಂಪಾದಕರು ಕಂಪ್ಯೂಟರಿನ ‘ಖಾಸಗಿ’ ಎಂಬ ಮಾತನ್ನು ನಂಬಿದ್ದರು. ನಾನು ಜಾಣನೇನೂ ಅಲ್ಲ, ಆದರೂ ಹತ್ತು ನಿಮಿಷ ಸಾಕಾಯಿತು.

ಅನುಮತಿಯ ಪಟ್ಟಿ ತಿಜೋರಿಯಲ್ಲ. ಅದು ಕಾವಲುಗಾರನ ಕೈಗೆ ಕೊಟ್ಟ ಚೀಟಿ. ಅವರ ಯಂತ್ರದಲ್ಲಿ ಕಾವಲುಗಾರ ಅವರ ಮಾತು ಕೇಳುತ್ತಿದ್ದ. ಡಿಸ್ಕು ಬಿಚ್ಚಿ ನನ್ನ ಯಂತ್ರಕ್ಕೆ ಹಾಕಿದಾಗ ಚೀಟಿ ಓದಿದವನು ನನ್ನ ಕಾವಲುಗಾರ, ಅವನಿಗೆ ಯಜಮಾನ ನಾನು. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಶುರುಮಾಡಿದ್ದರೆ ಸಾಮಾನ್ಯವಾಗಿ ಅಷ್ಟನ್ನೂ ಕೇಳುತ್ತಿರಲಿಲ್ಲ. ಒಂದೇ ಯಂತ್ರ ಹಂಚಿಕೊಂಡವರ ನಡುವೆ ಮರ್ಯಾದೆ ಕಾಯಲು ಹುಟ್ಟಿದ ನಿಯಮ ಅದು. ಡಿಸ್ಕನ್ನೇ ಹೊತ್ತೊಯ್ಯುವವನನ್ನು ತಡೆಯಲು ಗೂಢಲಿಪೀಕರಣ, ಅಂದರೆ ಎನ್‌ಕ್ರಿಪ್ಷನ್, ಬೇಕು. ವಿಂಡೋಸ್ 2000ದಲ್ಲೇ ಅದು ಬಂದಿತ್ತು, ಆದರೆ ಎಕ್ಸ್‌ಪಿ ಹೋಮ್ ಆವೃತ್ತಿಯಲ್ಲಿ ಇರಲಿಲ್ಲ. ಸಂಪಾದಕರಲ್ಲಿದ್ದದ್ದು ಹೋಮ್.

ಮಗನಿಗೆ ವಿಷಯ ಹೇಳಿದೆ. ಅವನು ತಾಯಿಯನ್ನು ಕೇಳು ಎಂದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಅವರು ಇದ್ದಾಗ ಆ ಕಾಗದ ನಂಗೂ ತೋರಿಸ್ತಿರ್ಲಿಲ್ಲ ಕಣಪ್ಪ. ಸಂಚಿಕೆ ಇರ್ಲಿ. ಕಾಗದ ಯಾರ ಕೈಗೂ ಸಿಗೋದು ಬೇಡ.”

ಸಂಚಿಕೆಗಳನ್ನು ಪೆನ್‌ಡ್ರೈವಿಗೆ ಹಾಕಿ ಅವರ ಕೈಗೆ ಕೊಟ್ಟೆ. ‘ಪತ್ರಗಳು’ ಫೋಲ್ಡರನ್ನು ಈಗ ಒಂದು ಕ್ಲಿಕ್ಕಿಗೆ ಅಳಿಸಬಹುದಿತ್ತು. ಆದರೆ ಅಳಿಸುವುದೆಂದರೆ ಹೆಸರು ಹೊಡೆಯುವುದು ಅಷ್ಟೇ ತಾನೇ? ಕೊಂಡವನು ರಿಕವರಿ ಸಾಫ್ಟ್‌ವೇರ್ ಓಡಿಸಿದರೆ ಕಾಗದಗಳು ಮತ್ತೆ ಎದ್ದು ಬರುತ್ತವೆ. ಆದ್ದರಿಂದ ‘ಕ್ವಿಕ್ ಫಾರ್ಮ್ಯಾಟ್’ ಟಿಕ್ ತೆಗೆದು ಡಿಸ್ಕಿನ ಒಂದೊಂದೇ ಭಾಗವನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದೆ. ವಿಸ್ತಾದಿಂದ ಈಚೆಗೆ ವಿಂಡೋಸ್ ಹಾಗೆ ಮಾಡುವಾಗ ಪ್ರತಿ ಜಾಗಕ್ಕೂ ಸೊನ್ನೆ ಬರೆಯುತ್ತದೆ. 80 ಜಿಬಿ ಡಿಸ್ಕು, ಒಂದು ಗಂಟೆಯ ಮೇಲೆ ಹಿಡಿಯಿತು. ತಿರುಗುವ ಹಳೆಯ ಡಿಸ್ಕುಗಳಿಗೆ ಇದು ಸಾಕು. ಎಸ್‌ಎಸ್‌ಡಿಯ ಒಳಗಿನ ಲೆಕ್ಕ ಬೇರೆ, ಅದಕ್ಕೆ ಮೊದಲ ದಿನದಿಂದಲೇ ಎನ್‌ಕ್ರಿಪ್ಷನ್ ಹಾಕಿಟ್ಟುಕೊಳ್ಳುವುದು ಕ್ಷೇಮ.

ನಮ್ಮಲ್ಲಿ ಬಹಳ ಮಂದಿ ಈಗ ಸಣ್ಣ ಪತ್ರಿಕೆ, ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇವೆ. ಹೆಸರು ಹಾಕಬೇಡಿ ಎಂದವರ ಹೆಸರುಗಳು ನಮ್ಮ ಲ್ಯಾಪ್‌ಟಾಪಿನಲ್ಲಿವೆ. ನಾಳೆ ಅದನ್ನು ಯಾರು ಬಿಚ್ಚುತ್ತಾರೋ ಗೊತ್ತಿಲ್ಲ. ಬಿಚ್ಚಿದವರ ಎದುರು ಬರುವುದು ಆ ಒಂದು ಸಾಲು ಮಾತ್ರ ಆಗಿದ್ದರೆ ಅದು ಅವರನ್ನು ಹತ್ತು ನಿಮಿಷ ತಡೆಯುತ್ತದೆ. ಆ ರಾತ್ರಿ ನನ್ನ ಲ್ಯಾಪ್‌ಟಾಪಿನ ಡಿಸ್ಕಿಗೆ ಎನ್‌ಕ್ರಿಪ್ಷನ್ ಹಾಕಿಯೇ ಮಲಗಿದೆ.